ಬಚ್ಚಲೊಲೆ ಇಲ್ಲದ ಊರಿನಲ್ಲಿ

ಹೋದ ಮಾರ್ಚ್ ತನಕ ನಮ್ಮ ಬಾಲ್ಕನಿಯಲ್ಲಿ ನಾಲ್ಕು ಮೂಟೆ ಮರದ ಚೂರುಗಳಿದ್ದವು. ಏರ್‌ಪೋರ್ಟಿಗೆ ಹೊರಡುವಾಗ ಸೂಟ್‌ಕೇಸ್ ತೂಗ್ತೀವಲ್ಲ, ಆ ಪುಟ್ಟ ತಕ್ಕಡಿಗೆ ಒಂದೊಂದೇ ಮೂಟೆ ನೇತುಹಾಕಿ ನೋಡಿದ್ದೆ. ಒಟ್ಟು 61 ಕಿಲೋ. ಬೆಂಗಳೂರಿನ ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ 61 ಕಿಲೋ ಅಂದ್ರೆ ಮೂರನೆಯ ಮನುಷ್ಯನೊಬ್ಬ ನಮ್ಮ ಜೊತೆ ಇದ್ದ ಹಾಗೆ. "ಇದನ್ನೆಲ್ಲ ಏನ್ ಮಾಡ್ತೀಯ?" ಅಂತ ಹೆಂಡತಿ ಕೇಳಿದಾಗಲೆಲ್ಲ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ. "ಮುಂದೆ ಬೇಕಾಗುತ್ತೆ."

ಮರಗೆಲಸ ನನಗೆ 2020ರ ಲಾಕ್‌ಡೌನಿನಲ್ಲಿ ಹತ್ತಿದ ಹುಚ್ಚು. ಮನೆಯಿಂದಲೇ ಆಫೀಸು, ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪು, ಕತ್ತು ನೋವು. ಲ್ಯಾಪ್‌ಟಾಪಿಗೆ ಒಂದು ಸ್ಟ್ಯಾಂಡ್ ಮಾಡಿಕೊಳ್ಳೋಣ ಅಂತ ಒಂದು ಗರಗಸ ತಂದೆ. ಗರಗಸ ಬಂದ ಮೇಲೆ ಉಳಿ ಬಂತು, ಕೀಸುಳಿ ಬಂತು, ಡ್ರಿಲ್ ಬಂತು. ಸ್ಟ್ಯಾಂಡು ಅಲ್ಲಾಡ್ತಿತ್ತು, ಆದ್ರೆ ಅದನ್ನು ನಾನೇ ಮಾಡಿದ್ದೆ. ದಿನವಿಡೀ ಬೇರೆಯವರು ಬರೆದ ಕೋಡ್ ಪರೀಕ್ಷೆ ಮಾಡುವವನಿಗೆ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ತನ್ನಿಂದಾಯ್ತು ಅನ್ನೋದು ಎಂಥ ಸುಖ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ಯಾವ ವಸ್ತುವೂ ತಾನೊಂದೇ ಆಗೋದಿಲ್ಲ. ಒಂದು ಶೆಲ್ಫ್ ಆದ್ರೆ ಅದರ ಜೊತೆಗೆ ಅರ್ಧ ಮೂಟೆ ಚೂರು ಹುಟ್ಟುತ್ತೆ. ಗೇಣುದ್ದದ್ದು, ಅಂಗೈಯಗಲದ್ದು, ಒಂದು ಮೂಲೆ ಮುರಿದದ್ದು. ಬಿಸಾಕಲು ಮನಸ್ಸು ಬರೋದಿಲ್ಲ. ಇಷ್ಟು ಚೆನ್ನಾಗಿದೆಯಲ್ಲ!

ನಾನು ಹುಟ್ಟಿ ಬೆಳೆದದ್ದು ಸಾಗರದ ಕಡೆಯ ಹಳ್ಳಿಯಲ್ಲಿ. ಅಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಆಚಾರಿ ಮನೆಗೆ ಬಂದು ವಾರಗಟ್ಟಲೆ ಕೆಲಸ ಮಾಡುತ್ತಿದ್ದರು. ಬಾಗಿಲೋ ಮಂಚವೋ ಮುಗಿದ ಮೇಲೆ ಉಳಿದ ತುಂಡುಗಳಲ್ಲಿ ದೊಡ್ಡದು ಮಣೆಯಾಗುತ್ತಿತ್ತು, ಅದಕ್ಕಿಂತ ಸಣ್ಣದು ಲಟ್ಟಣಿಗೆ, ಇನ್ನೂ ಸಣ್ಣದು ಗೋಡೆಯ ಗೂಟ. ಅದೂ ಆಗದ್ದು ಬಚ್ಚಲೊಲೆಗೆ. ಬಚ್ಚಲೊಲೆ ಯಾವುದನ್ನೂ ಬೇಡ ಅನ್ನುತ್ತಿರಲಿಲ್ಲ. ತೆಂಗಿನ ಸಿಪ್ಪೆ, ಅಡಿಕೆ ಹಾಳೆ, ಆಚಾರಿಯ ಚಕ್ಕೆ ಎಲ್ಲ ಹೋಗಿ ಹಂಡೆಯ ನೀರು ಕಾಯುತ್ತಿತ್ತು. ಬೂದಿ ಪಾತ್ರೆ ತಿಕ್ಕೋಕೆ, ಉಳಿದದ್ದು ತೋಟಕ್ಕೆ. ಈಗ ಯೋಚನೆ ಮಾಡಿದ್ರೆ ಅನ್ನಿಸುತ್ತೆ, ನಮ್ಮ ಹಿರಿಯರು ನಮಗಿಂತ ದೊಡ್ಡ ಪರಿಸರವಾದಿಗಳೇನೂ ಆಗಿರಲಿಲ್ಲ. ಮನೆಯ ಹಿಂದೆ ಬಾಯಿ ತೆರೆದುಕೊಂಡಿದ್ದ ಒಂದು ಒಲೆ ಅವರ ಪರವಾಗಿ ತೀರ್ಮಾನ ಮಾಡುತ್ತಿತ್ತು, ಅಷ್ಟೇ.

ನನ್ನ ಮೂರನೇ ಮಹಡಿಯಲ್ಲಿ ಬಚ್ಚಲೊಲೆ ಇಲ್ಲ, ಗೀಸರ್ ಇದೆ. ಹಾಗಾಗಿ ತೀರ್ಮಾನ ನಾನೇ ಮಾಡಬೇಕಿತ್ತು. ಮಾಡಲಿಲ್ಲ. ಅದರ ಬದಲು ಎಕ್ಸೆಲ್ ಶೀಟ್ ಮಾಡಿದೆ. ನಗಬೇಡಿ. ಒಂದೊಂದು ಚೂರಿನ ಉದ್ದ, ಅಗಲ, ದಪ್ಪ, ಯಾವ ಮರ, ಯಾವ ಮೂಟೆ. ಕೊನೆಯ ಕಾಲಂ, ‘ಏನು ಮಾಡಬಹುದು’. ಅದರಲ್ಲಿ ‘ಪೆನ್ ಸ್ಟ್ಯಾಂಡ್’ ಅಂತ 40 ಸಲ ಬರೆದಿದ್ದೆ. ನಮ್ಮ ಮನೆಯಲ್ಲಿ ಪೆನ್ನುಗಳಿರೋದು ಮೂರು.

ಹವ್ಯಾಸಕ್ಕೆ ಮರಗೆಲಸ ಮಾಡುವವರೆಲ್ಲ ಇಂಥ ಹೊತ್ತಿನಲ್ಲಿ ಜಾರ್ಜ್ ನಕಾಶಿಮಾ ಹೆಸರು ಹೇಳಿ ಬಚಾವಾಗ್ತಾರೆ. ನಾನೂ ಹೇಳುತ್ತಿದ್ದೆ. 1930ರ ದಶಕದಲ್ಲಿ ಪುದುಚೇರಿಯ ಅರವಿಂದಾಶ್ರಮದ ಗೋಲ್ಕೊಂಡ ಕಟ್ಟಡದ ಕೆಲಸ ಮಾಡಿದ ವಾಸ್ತುಶಿಲ್ಪಿ ಆತ, ಆಮೇಲೆ ಅಮೆರಿಕದಲ್ಲಿ ಮರಗೆಲಸಕ್ಕೆ ದೊಡ್ಡ ಹೆಸರಾದವನು. ಕಡಿದ ಮರಕ್ಕೆ ಪೀಠೋಪಕರಣದಲ್ಲಿ ಎರಡನೇ ಜನ್ಮ ಸಿಗುತ್ತೆ ಅಂತ ನಂಬಿದ್ದವನು. ಹಲಗೆಯ ಬಿರುಕನ್ನೂ ಮುಚ್ಚಿಡದೆ, ಚಿಟ್ಟೆಯಾಕಾರದ ಮರದ ತುಂಡಿನಿಂದ ಹಿಡಿದು ಕೂರಿಸುತ್ತಿದ್ದ. ಅಂಥವನ ಹೆಸರು ಹೇಳಿದ್ರೆ ಮೂಟೆಗಳಿಗೆ ಒಂದು ಘನತೆ ಬರುತ್ತೆ, ಅಲ್ವಾ? ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ ನಕಾಶಿಮಾ ಕೂಡ ಐಡಹೋದ ಮಿನಿಡೋಕಾ ಶಿಬಿರದಲ್ಲಿದ್ದ. ಜಪಾನಿ ಬಡಗಿಯೊಬ್ಬನಿಂದ ಕೆಲಸ ಕಲಿತದ್ದು ಅಲ್ಲೇ, ಕಟ್ಟಡ ಕಟ್ಟಿ ಉಳಿದ ಚೂರು ಮರದಲ್ಲಿ. ಅವನು ಚೂರಿನಲ್ಲಿ ಕೆಲಸ ಮಾಡಿದ್ದು ಬೇರೆ ಮರ ಇಲ್ಲದ್ದಕ್ಕೆ. ನನ್ನ ಹತ್ತಿರ ಚೂರು ಇದ್ದದ್ದು ಬೇಕಾದ್ದಕ್ಕಿಂತ ಹೆಚ್ಚು ಮರ ತಂದದ್ದಕ್ಕೆ. ಎರಡೂ ಒಂದೇ ಅಂತ ಹೇಗೆ ಹೇಳೋದು?

ನನಗೆ ಹೊಂದುವ ಕತೆ ನಮ್ಮಲ್ಲೇ ಇದೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಅಂತ ಒಬ್ಬ ಶರಣ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರೋದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ನೋಡಿ ಸಂತೋಷಪಡಲಿಲ್ಲ. ಇಷ್ಟು ಯಾಕೆ, ನಮಗೆ ದಿನಕ್ಕೆ ಬೇಕಾದ್ದು ಸಾಕು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದಳು. ನಾನು ಈ ಕತೆಯನ್ನು ಸ್ಕೂಲಿನಲ್ಲಿ ಕೇಳಿದ್ದೆ, ಲಕ್ಕಮ್ಮ ದೊಡ್ಡವಳು ಅಂತ ಒಪ್ಪಿಕೊಂಡು ಸುಮ್ಮನಾಗಿದ್ದೆ. ಬಾಲ್ಕನಿಯ ಮೂಟೆ ನೋಡುವಾಗ ಬೇರೆ ಒಂದು ವಿಷಯ ಹೊಳೆಯಿತು. ಮಾರಯ್ಯ ತಂದದ್ದು ಕದ್ದ ಅಕ್ಕಿಯಲ್ಲ. ಬಿದ್ದು ಹಾಳಾಗಲಿದ್ದ ಅಕ್ಕಿ. ಅಂದ್ರೆ ಹಾಳಾಗೋದನ್ನು ಉಳಿಸೋದೂ ಆಸೆಯಾಗಬಹುದು ಅಂತ ಆಕೆ ಹೇಳ್ತಿದ್ದಾಳೆ. ನಾನು ಉಳಿತಾಯ ಅಂದುಕೊಂಡಿದ್ದು ಅದೇ ಆಸೆ. ಚೂರುಗಳನ್ನಲ್ಲ, ಮುಂದೊಂದು ದಿನ ಅವುಗಳಿಂದ ಏನೇನೋ ಮಾಡುವ ಇನ್ನೊಬ್ಬ ‘ನಾನು’ ಇದ್ದಾನಲ್ಲ, ಬಿಡುವಿರುವವನು, ಕೈ ಪಳಗಿದವನು, ಅವನನ್ನು ಮೂಟೆ ಕಟ್ಟಿ ಇಟ್ಟುಕೊಂಡಿದ್ದೆ.

ಇಷ್ಟು ಜ್ಞಾನೋದಯ ಆದಮೇಲೂ ಒಂದು ಚೂರನ್ನೂ ಕದಲಿಸಲಿಲ್ಲ ಅನ್ನಿ.

ಕದಲಿಸಿದ್ದು ಮಗು. ಹೆಂಡತಿಗೆ ಐದು ತಿಂಗಳಾದಾಗ ಬಾಲ್ಕನಿ ಖಾಲಿ ಮಾಡಬೇಕು, ಬಟ್ಟೆ ಒಣಗಿಸೋಕೆ ಜಾಗ ಬೇಕು ಅಂತ ತೀರ್ಮಾನವಾಯ್ತು. ಅದೇ ಸಮಯಕ್ಕೆ ಮಗುವಿನ ಬಟ್ಟೆಗೆ ಒಂದು ಕಪಾಟು ಮಾಡೋಣ ಅಂತ ಹೊರಟೆ. ಅಂಗಡಿಗೆ ಹೋಗುವ ಮೊದಲು ಮೂರು ರಾತ್ರಿ ಕೂತು ಓದಿದೆ. ಪ್ಲೈವುಡ್ ಅಂದ್ರೆ ಮರವನ್ನು ತೆಳ್ಳಗೆ ಸುಲಿದು, ಪದರದ ಮೇಲೆ ಪದರ ಅಡ್ಡಡ್ಡ ಇಟ್ಟು ಅಂಟಿನಿಂದ ಒತ್ತಿದ ಹಾಳೆ. ಅಗ್ಗದ ಪ್ಲೈವುಡ್ಡಿನ ಅಂಟು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್. ಎಂಡಿಎಫ್ ಹಲಗೆಯಲ್ಲೂ ಬಹುಮಟ್ಟಿಗೆ ಅದೇ. ಅಂಟಿನಿಂದ ಫಾರ್ಮಾಲ್ಡಿಹೈಡ್ ನಿಧಾನವಾಗಿ ಗಾಳಿಗೆ ಸೇರ್ತಾ ಇರುತ್ತೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಎಷ್ಟು ಕಡಿಮೆ ಬಿಡುತ್ತೆ ಅನ್ನೋದಕ್ಕೆ ಇ1, ಇ0 ಅಂತ ಗ್ರೇಡುಗಳಿವೆ. ಮಗುವಿನ ಕೋಣೆಗಲ್ವಾ ಅಂತ ಹೆಚ್ಚು ದುಡ್ಡು ಕೊಟ್ಟು ಇ0 ತಂದೆ. ಕೊಯ್ಯುವಾಗ ಎನ್95 ಮಾಸ್ಕ್ ಹಾಕಿಕೊಂಡೆ, ಹೆಂಡತಿಯನ್ನು ಎರಡು ದಿನ ಅವಳ ಅಕ್ಕನ ಮನೆಗೆ ಕಳಿಸಿದೆ.

ಆ ಎರಡು ದಿನಗಳಲ್ಲೇ ನಡೆದದ್ದು ಮುಂದಿನದು. ನಮ್ಮ ರಸ್ತೆಯ ತಿರುವಿನಲ್ಲಿ ಹೊಂಗೆ ಮರದ ಕೆಳಗೆ ಒಬ್ಬರು ತಳ್ಳುಗಾಡಿ ಇಟ್ಟುಕೊಂಡು ಇಸ್ತ್ರಿ ಮಾಡ್ತಾರೆ. ಇದ್ದಿಲಿನ ದೊಡ್ಡ ಇಸ್ತ್ರಿ ಪೆಟ್ಟಿಗೆ. ನಾವೆಲ್ಲ ಅಕ್ಕ ಅಂತಲೇ ಕರೆಯೋದು. ಶರ್ಟು ಕೊಡಲು ಹೋದಾಗ ಅವರೇ ಕೇಳಿದ್ರು.

"ಸಾರ್, ನಿಮ್ಮ ಬಾಲ್ಕನೀಲಿ ಮೂಟೆ ಕಾಣ್ತದಲ್ಲ, ಸೌದೆನಾ? ಬಿಸಾಕೋದಾದ್ರೆ ನಮಗೆ ಕೊಡಿ ಸಾರ್. ಸ್ನಾನದ ನೀರಿಗಾಗ್ತದೆ."

ಹತ್ತಿರದ ವಠಾರದಲ್ಲಿ ಅವರ ಮನೆ. ಬಾಗಿಲಾಚೆ ಮೂರು ಇಟ್ಟಿಗೆಯ ಒಲೆ. ನನಗೆ ಎಷ್ಟು ಖುಷಿಯಾಯ್ತು ಅಂದ್ರೆ, ಬೆಂಗಳೂರಿನಲ್ಲಿ ಕೊನೆಗೂ ಬಚ್ಚಲೊಲೆ ಸಿಕ್ಕಿತ್ತು. ಮನೆಗೆ ಬಂದು ನಾಲ್ಕೂ ಮೂಟೆ ಬಿಚ್ಚಿ ಮತ್ತೊಮ್ಮೆ ವಿಂಗಡಿಸಿದೆ. ಒಂದು ಮೂಟೆ ಹಲಸು, 14 ಕಿಲೋ. ಒಂದು ಮೂಟೆ ಪ್ಯಾಕಿಂಗ್ ಡಬ್ಬಗಳ ಪೈನ್, 9 ಕಿಲೋ. ಉಳಿದ ಎರಡು ಪ್ಲೈವುಡ್ಡು, ಎಂಡಿಎಫ್. ಆ ಎರಡನ್ನು ಕೊಡೋದು ಅಂತಾಯ್ತು. ಒಂದನ್ನು ಅವತ್ತೇ ಕೆಳಗಿಳಿಸಿ ಗಾಡಿಯ ಹತ್ತಿರ ಇಟ್ಟು ಬಂದೆ. ಇನ್ನೊಂದು ಆಮೇಲೆ ತಗೋತೀನಿ ಅಂದ್ರು ಅಕ್ಕ. ಆ ಸಲ ಇಸ್ತ್ರಿಗೆ ದುಡ್ಡು ಬೇಡ ಅಂದ್ರು. ನಾನು ಬಲವಂತ ಮಾಡಿ ಕೊಟ್ಟೆ. ಇದನ್ನು ಯಾಕೆ ಬರೀತಿದ್ದೀನಿ ಅಂದ್ರೆ, ಆವತ್ತು ಮೆಟ್ಟಿಲು ಹತ್ತುವಾಗ ನನ್ನ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯ ಇತ್ತು.

ಮೂರು ವಾರ ಬಿಟ್ಟು ಮತ್ತೆ ಬಟ್ಟೆ ತಗೊಂಡು ಹೋದೆ. ಅಕ್ಕ ದೂರು ಹೇಳಲಿಲ್ಲ. ಮಾತಿಗೆ ಹೇಳಿದ್ದು.

"ಬೇಗ ಹತ್ಕೊಳ್ತದೆ ಸಾರ್ ನಿಮ್ ಸೌದೆ. ಆದ್ರೆ ಅದೇನೋ ಘಾಟು, ಕಣ್ಣೆಲ್ಲ ಉರಿ. ಮಗೀಗೆ ಒಲೆ ಮುಂದೆ ಕೂತ್ಕೊಳ್ಳೋದಂದ್ರೆ ಇಷ್ಟ, ಈಗ ಕೂರ್ಸಲ್ಲ, ಕೆಮ್ತದೆ. ಇನ್ನೊಂದ್ ಮೂಟೆ ಇದೆ ಅಂದಿದ್ರಲ್ಲ, ಯಾವಾಗ ಬರ್ಲಿ?"

ಹೊಂಗೆ ಮರದ ಕೆಳಗೆ ನಿಂತಿದ್ದ ನನಗೆ ಮೂರು ರಾತ್ರಿ ಓದಿದ್ದೆಲ್ಲ ಒಟ್ಟಿಗೆ ನೆನಪಾಯ್ತು. ಇ0, ಇ1. ಎನ್95. ಹೆಂಡತಿಯನ್ನು ಅಕ್ಕನ ಮನೆಗೆ ಕಳಿಸಿದ್ದು. ಕಪಾಟಿನಲ್ಲಿ ಸುಮ್ಮನೆ ನಿಂತಿರುವ ಪ್ಲೈವುಡ್ಡಿನ ಬಗ್ಗೆ ಇಷ್ಟು ಹೆದರಿದವನು, ಅದಕ್ಕಿಂತ ಅಗ್ಗದ ಪ್ಲೈವುಡ್ಡನ್ನು ಇನ್ನೊಂದು ಮಗುವಿನ ಮುಂದೆ ಬೆಂಕಿಗೆ ಹಾಕಲು ಮೂಟೆ ಕಟ್ಟಿ ಕೊಟ್ಟಿದ್ದೆ. ಗೊತ್ತಿಲ್ಲದೆ ಅಲ್ಲ. ಅಂಟು ಸುಟ್ಟರೆ ಏನಾಗುತ್ತೆ ಅಂತ ಗೊತ್ತಿತ್ತು. ಆ ಗೊತ್ತಿರೋದು ಅವರ ಒಲೆಯ ತನಕ ಹೋಗಲೇ ಇಲ್ಲ, ನಮ್ಮ ಮನೆಯ ಬಾಗಿಲಿಗೇ ನಿಂತುಬಿಟ್ಟಿತ್ತು.

ಸುಳ್ಳು ಹೇಳಿರಲಿಲ್ಲ, ನಿಜ. ಅವರೇ ಕೇಳಿದ್ರು, ನಾನು ಕೊಟ್ಟೆ. ಆದ್ರೆ ನನ್ನ ಕೆಲಸದಲ್ಲಿ ಒಂದು ಪದ್ಧತಿ ಇದೆ. ಸಾಫ್ಟ್‌ವೇರ್ ಹೊರಗೆ ಬಿಡುವಾಗ ಜೊತೆಗೆ ‘ನೋನ್ ಇಶ್ಯೂಸ್’ ಅಂತ ಒಂದು ಪಟ್ಟಿ ಕೊಡ್ತೀವಿ. ನಮಗೆ ಗೊತ್ತಿರುವ ತೊಂದರೆಗಳು ಇವು, ನೋಡಿಕೊಂಡು ಬಳಸಿ ಅಂತ. ಪುಕ್ಕಟೆ ಕೊಡುವ ಸಾಫ್ಟ್‌ವೇರಿಗೂ ಕೊಡ್ತೀವಿ. ಪುಕ್ಕಟೆ ಕೊಟ್ಟ ಮಾತ್ರಕ್ಕೆ ಹೇಳುವ ಜವಾಬ್ದಾರಿ ತಪ್ಪೋದಿಲ್ಲ. ಇಸ್ತ್ರಿ ಅಕ್ಕನಿಗೆ ಮಾತ್ರ ಆ ಪಟ್ಟಿ ಬೇಡ ಅಂತ ನಾನು ಯಾವಾಗ ತೀರ್ಮಾನ ಮಾಡಿದೆ?

ಅದಕ್ಕಿಂತ ಚುಚ್ಚಿದ್ದು ವಿಂಗಡಣೆ. ಹಲಸನ್ನು ಕೊಡಬಹುದಿತ್ತು. ಅಂಟಿಲ್ಲ, ಬಣ್ಣವಿಲ್ಲ, ಒಣಗಿದ ಮರ. ಅವರು ಕೇಳಿದ್ದು ಸೌದೆ, ನನ್ನ ಹತ್ತಿರ ಇದ್ದ ನಾಲ್ಕು ಮೂಟೆಗಳಲ್ಲಿ ನಿಜವಾದ ಸೌದೆ ಅಂದ್ರೆ ಅದು. ಅದನ್ನೇ ‘ಮುಂದೆ ಬೇಕಾಗುತ್ತೆ’ ಅಂತ ಒಳಗಿಟ್ಟುಕೊಂಡು, ಬೆಂಕಿಗೆ ಹಾಕಲೇಬಾರದ್ದನ್ನು ಸೌದೆ ಅಂತ ದಾನ ಮಾಡಿದ್ದೆ.

ಚೂರು ಅಂತ ಯಾವುದನ್ನು ಕರೀತೀವಿ ಅನ್ನೋದೇ ವಿಚಿತ್ರ. ನಮ್ಮ ಸಾಗರ, ಸೊರಬದ ಗುಡಿಗಾರರು ಗಂಧದ ಮರ ಕೆತ್ತುವಾಗ ನೆಲಕ್ಕೆ ಉದುರಿದ ಪುಡಿಯನ್ನೂ ಗುಡಿಸಿ ಎತ್ತಿಡ್ತಾರೆ. ಗಂಧದ ಬೇರು, ಚಕ್ಕೆ, ಪುಡಿ ಎಲ್ಲಕ್ಕೂ ಬೆಲೆ ಇದೆ. 1916ರಲ್ಲಿ ಮೈಸೂರು ಸಂಸ್ಥಾನ ಗಂಧದೆಣ್ಣೆ ತೆಗೆಯೋಕೆ ಶುರುಮಾಡಿತಲ್ಲ, ಎಣ್ಣೆ ಬರೋದು ಪುಡಿ ಮಾಡಿದ ಮರದಿಂದಲೇ. ಹಲಸಿಗೆ ಆ ಬೆಲೆ ಇಲ್ಲ, ಆದ್ರೆ ವೀಣೆ ಆಗೋದು ಹಲಸಿನ ಮರದಿಂದ. ಶ್ರೀಲಂಕಾ, ಬರ್ಮಾ, ಥಾಯ್ಲೆಂಡಿನ ಬೌದ್ಧ ಭಿಕ್ಷುಗಳು ಚೀವರಕ್ಕೆ ಬಣ್ಣ ಹಾಕುತ್ತಿದ್ದದ್ದು ಹಲಸಿನ ತಿರುಳಿನ ಚಕ್ಕೆ ಕುದಿಸಿ. ಎಲ್ಲವನ್ನೂ ಬಿಟ್ಟವರ ಬಟ್ಟೆಗೆ ಬಡಗಿ ಬಿಟ್ಟದ್ದರ ಬಣ್ಣ. ಹಾಗಾಗಿ ಇದು ಉಪಯೋಗಕ್ಕೆ ಬಾರದ್ದು ಅನ್ನೋದು ಮರದ ಗುಣ ಅಲ್ಲ, ಯಾರಿಗೆ ಬಾರದ್ದು ಅಂತ ಕೇಳಬೇಕು. ನನಗೆ ಬೇಡದ್ದು ಅಕ್ಕನಿಗೆ ಬೇಕಾಗುತ್ತೆ ಅನ್ನೋ ಮಾತು ಅಲ್ಲಿಯವರೆಗೆ ಸರಿ. ಪ್ಲೈವುಡ್ಡಿನ ವಿಷಯಕ್ಕೆ ಬಂದಾಗ ಅದು ತಪ್ಪುತ್ತೆ. ಅಲ್ಲಿ ನಾನು ದಾಟಿಸಿದ್ದು ಉಪಯೋಗವನ್ನಲ್ಲ, ತೊಂದರೆಯನ್ನು. ತೊಂದರೆ ಯಾವಾಗಲೂ ಬೇಡ ಅನ್ನಲಾರದವರ ಕಡೆಗೇ ಇಳಿಯುತ್ತೆ, ನೀರಿನ ಹಾಗೆ.

ಆಫೀಸಿನ ಗೆಳೆಯನಿಗೆ ಹೇಳಿದೆ. ಅವನು ಕಾಫಿ ಹೀರುತ್ತಾ ಅಂದ, "ನೀನ್ ಕೊಡ್ಲಿಲ್ಲ ಅಂದ್ರೆ ಇನ್ನೆಲ್ಲಿಂದಾದ್ರೂ ಅದೇ ಪ್ಲೈವುಡ್ ಆರಿಸ್ಕೊಂಡ್ ಬರ್ತಾರೆ. ಇಂಟೀರಿಯರ್ ಕೆಲಸ ನಡೆಯೋ ಪ್ರತಿ ಬಿಲ್ಡಿಂಗ್ ಕೆಳಗೂ ರಾಶಿ ಬಿದ್ದಿರುತ್ತೆ. ನಿನ್ನ ಪಾಪಪ್ರಜ್ಞೆಯಿಂದ ಆ ಮಗೂಗೆ ಏನ್ ಲಾಭ?" ಅವನ ಮಾತಿನಲ್ಲಿ ಸುಳ್ಳಿಲ್ಲ. ಎರಡು ದಿನ ಉತ್ತರ ಹುಡುಕಿದೆ. ಕೊನೆಗೆ ಅನ್ನಿಸಿದ್ದು, ಅಕ್ಕ ಎಲ್ಲಿಂದ ಏನು ತರ್ತಾರೆ ಅನ್ನೋದು ನನ್ನ ಕೈಯಲ್ಲಿಲ್ಲ, ನನ್ನ ಮೂಟೆ ನನ್ನ ಕೈಯಲ್ಲಿತ್ತು. ಇನ್ನೊಂದು, ಹೇಳಿಬಿಟ್ಟರೆ ಆರಿಸುವಾಗ ಅವರು ಆರಿಸಿಯಾರು. ಬಡವರು ಹೇಗೂ ಇದನ್ನೇ ಸುಡ್ತಾರೆ ಅನ್ನೋ ಮಾತಿನಲ್ಲಿ, ಅವರಿಗೆ ಹೇಳಿಯೂ ಪ್ರಯೋಜನವಿಲ್ಲ ಅನ್ನೋ ಇನ್ನೊಂದು ಮಾತು ಸೇರಿಕೊಂಡಿದೆ. ನನಗೆ ಅದು ಹಿಡಿಸಲಿಲ್ಲ.

ಹೋಗಿ ಹೇಳಿದೆ. ಅದು ಬರೀ ಮರ ಅಲ್ಲ ಅಕ್ಕ, ಅಂಟು ಹಾಕಿರ್ತಾರೆ, ಹೊಗೆ ಕೆಟ್ಟದ್ದು, ನಾನು ಕೊಡಬಾರದಿತ್ತು. ಅಂಚು ನೋಡಿ, ಪದರ ಪದರವಾಗಿ ಕಂಡ್ರೆ ಅಥವಾ ರಟ್ಟಿನ ಹಾಗೆ ನುಣ್ಣಗಿದ್ರೆ ಒಲೆಗೆ ಬೇಡ. ಅಕ್ಕ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಕೇಳಿದ್ರು. ಉಳಿದದ್ದು ಅರ್ಧ ಮೂಟೆ ಇದೆ ಅಂದ್ರು. ವಾಪಸ್ ಕೊಡಿ ಅಂದೆ. ಆಗ ಅವರು ಕೇಳಿದ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ.

"ತಗೊಂಡ್ ಹೋಗಿ ಸಾರ್. ನಾಳೆ ನೀರಿಗೆ ಏನ್ ಹಾಕ್ಲಿ?"

ಹಲಸು. ಉತ್ತರ ಅದೊಂದೇ, ಅದು ನನಗೂ ಗೊತ್ತಿತ್ತು. ಆದರೆ ಆ ಹಲಸು ನಮ್ಮನೆ ಹಿತ್ತಿಲಿನದು. 2019ರ ಆಗಸ್ಟ್ ಮಳೆಗೆ ಬಿದ್ದ ಮರ. ನಾನು ಹತ್ತಿ ಬಿದ್ದು ಕೈ ಮುರಿದುಕೊಂಡ ಮರ. ಅಪ್ಪ ಕೊಯ್ಯಿಸಿ ಹಲಗೆ ಮಾಡಿ, ನಾಲ್ಕು ಹಲಗೆ ನನ್ನ ಕಾರಿನ ಡಿಕ್ಕಿಗೆ ಹಾಕಿ ಕಳಿಸಿದ್ದರು. ಅದರಲ್ಲಿ ಒಂದು ಸ್ಟೂಲು, ಒಂದು ತಟ್ಟೆ ಆಯ್ತು. ಕೊಯ್ದಾಗ ಅರಿಶಿನದ ಹಾಗೆ ಹಳದಿ ಇತ್ತು, ವರ್ಷಗಳು ಕಳೆದ ಹಾಗೆ ಕಂದಾಗ್ತಾ ಬಂದಿದೆ. ಉಳಿದ 14 ಕಿಲೋ ಚೂರನ್ನು ಬೇರೆಯವರ ಒಲೆಗೆ ಹಾಕೋದು ಅಂದ್ರೆ... ಸುಮ್ಮನೆ ಅಪ್ಪನಿಗೆ ಫೋನ್ ಮಾಡಿದೆ. ಅನುಮತಿ ಕೇಳೋಕೋ, ಬೇಡ ಅನ್ನಿಸಿಕೊಳ್ಳೋಕೋ, ಈಗಲೂ ಹೇಳಲಾರೆ.

ಅಪ್ಪ ನಕ್ಕರು. "ಅಯ್ಯ ಮಾರಾಯ, ಅದ್ಕೆ ಫೋನ್ ಮಾಡೂದೆಂತಕ್ಕೆ? ಆ ಮರದ ಬುಡಾನೇ ಎರಡು ವರ್ಷ ನಮ್ಮ ಬಚ್ಚಲಿಗೆ ಒಟ್ಟಿದ್ವಲ್ಲ. ನೀ ಬಂದಾಗ ಸ್ನಾನ ಮಾಡಿದ್ದೂ ಅದೇ ನೀರಲ್ಲಿ."

ಮರ್ಯಾದೆ ಹೋದ ಹಾಗಾಯ್ತು, ಹಗುರವೂ ಆಯ್ತು. ಅವತ್ತು ಸಂಜೆಯೇ ಹಲಸಿನ ಮೂಟೆ ಇಳಿಸಿದೆ. ಪೈನ್ ಡಬ್ಬಗಳ ಮೇಲೆ ಮುದ್ರೆ ಇರುತ್ತೆ. ಎಂಬಿ ಅಂತ ಇದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಹೊಗೆ ಕೊಟ್ಟದ್ದು, ಎಚ್‌ಟಿ ಅಂತ ಇದ್ರೆ ಬರೀ ಶಾಖ ಕೊಟ್ಟದ್ದು. ಎಚ್‌ಟಿ ಇದ್ದವನ್ನು ಮಾತ್ರ ಮೊಳೆ ಕಿತ್ತು ಕೊಟ್ಟೆ. ಎಲ್ಲ ಸೇರಿ ಅವರ ಮನೆಯ ಬಿಸಿನೀರಿಗೆ ಎರಡು ವಾರ ಬಂದ್ರೆ ಹೆಚ್ಚು. ಅದಾದ ಮೇಲೆ ಅವರು ಮತ್ತೆ ಎಲ್ಲಿಂದಲೋ ತರಬೇಕು. ಅದು ನನ್ನಿಂದ ಬಗೆಹರಿದಿಲ್ಲ. ಹಲಸಿನ ಒಂದು ದಪ್ಪ ತುಂಡನ್ನು ಅಕ್ಕ ಸುಡದೆ ಗಾಡಿಯ ಚಕ್ರಕ್ಕೆ ಒತ್ತು ಕೊಟ್ಟಿದ್ದಾರೆ. ನಾನು ಎಕ್ಸೆಲ್ಲಿನಲ್ಲಿ ಅದರ ಮುಂದೆ ‘ಪೆನ್ ಸ್ಟ್ಯಾಂಡ್’ ಅಂತ ಬರೆದಿದ್ದೆ.

ಪ್ಲೈವುಡ್ಡು ಉಳಿಯಿತು. ಒಂದೂವರೆ ಮೂಟೆ. ಕಸದ ಗಾಡಿಯ ಹುಡುಗನನ್ನು ಕೇಳಿದಾಗ "ಕೊಡಿ ಸಾರ್, ಚಳಿಗೆ ಬೆಂಕಿ ಹಾಕ್ಕೋತೀವಿ" ಅಂದ. ಬೇಡ ಅಂತ ವಾಪಸ್ ಹೊತ್ತು ತಂದೆ. ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದಳು. ನನಗೆ ಈ ಊರಿನಲ್ಲಿ ‘ಅಲ್ಲಿ’ ಅನ್ನೋ ಜಾಗವೇ ಸಿಗಲಿಲ್ಲ.

ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಪ್ಲೈವುಡ್ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ನನ್ನ ಪುಸ್ತಕದ ಶೆಲ್ಫಿನ ಆಳ 13 ಇಂಚು ಇಟ್ಟಿದ್ದೆ. 48 ಇಂಚಿನಲ್ಲಿ 13ರ ಪಟ್ಟಿ ಮೂರೇ ಬರೋದು. ಹತ್ತಿರ ಹತ್ತಿರ 9 ಇಂಚಿನ, 8 ಅಡಿ ಉದ್ದದ ಪಟ್ಟಿ ಉಳಿಯುತ್ತೆ. ಬಾಲ್ಕನಿಯಲ್ಲಿ ಹಿಡಿಯಲಿ ಅಂತ ಅದನ್ನೂ ತುಂಡು ತುಂಡು ಮಾಡಿದ್ದೆ. ಗರಗಸ ಒಂದೊಂದು ಸಲಕ್ಕೆ ತಿನ್ನೋದು ಸುಮಾರು 3 ಮಿಲಿಮೀಟರ್. ಆಳ 12 ಇಂಚಿಗೆ ಒಂದು ಚೂರು ಕಡಿಮೆ ಇಟ್ಟಿದ್ರೆ ಸರಿಯಾಗಿ ನಾಲ್ಕು ಪಟ್ಟಿ, ಉಳಿಕೆ ಇಲ್ಲವೇ ಇಲ್ಲ. 13 ಯಾಕೆ? ನೋಡೋಕೆ ಚೆನ್ನಾಗಿರುತ್ತೆ ಅಂತ. ಅದರ ಮೇಲಿರುವ ಪುಸ್ತಕಗಳಲ್ಲಿ 10 ಇಂಚು ದಾಟಿದ್ದು ಒಂದೂ ಇಲ್ಲ. ಅಂದ್ರೆ ಅಕ್ಕನ ಮಗುವಿನ ಕೆಮ್ಮಿನ ಜೊತೆ ನನಗಿರುವ ಸಂಬಂಧ ಶುರುವಾದದ್ದು ಆ ಮೂಟೆ ಕೊಟ್ಟ ದಿನ ಅಲ್ಲ, ಪೆನ್ಸಿಲ್ ಹಿಡಿದು ಒಂದಿಂಚು ಜಾಸ್ತಿ ಇರಲಿ ಅಂದುಕೊಂಡ ದಿನ.

ಈಗ ಕೊಯ್ಯುವ ಮೊದಲು ಗ್ರಾಫ್ ಹಾಳೆಯಲ್ಲಿ ಎಲ್ಲ ತುಂಡುಗಳನ್ನೂ ಜೋಡಿಸಿ ನೋಡ್ತೀನಿ. ಉಳಿಕೆ ಏನಾಗುತ್ತೆ ಅಂತ ಬರೆದ ಮೇಲೇ ಗರಗಸ. ಅದರಿಂದ ವೇಗ ಕಡಿಮೆಯಾಗಿದೆ, ಎರಡು ಯೋಜನೆಗಳು ಹಾಳೆಯಲ್ಲೇ ಸತ್ತಿವೆ. ಹಳೆಯ ಒಂದೂವರೆ ಮೂಟೆಯಲ್ಲಿ ಸ್ವಲ್ಪ ಭಾಗ ನನ್ನ ಕೆಲಸದ ಬೆಂಚಿನ ಮೇಲ್ಮೈಗೆ ಅಂಟಿಸಿ ಮುಗಿಸಿದೆ. ಉಳಿದದ್ದು ಬಾಲ್ಕನಿಯ ಮೂಲೆಯಲ್ಲಿದೆ. ಈ ಮಳೆಗಾಲದಲ್ಲಿ ನೀರು ಕುಡಿದು ಪದರ ಬಿಟ್ಟುಕೊಂಡು ಉಬ್ಬಿದೆ. ಬಟ್ಟೆ ಒಣಗಿಸುವ ಸ್ಟ್ಯಾಂಡನ್ನು ಅದರಿಂದ ಆದಷ್ಟು ದೂರ, ಈ ತುದಿಗೆ ಎಳೆದುಕೊಂಡಿದ್ದೀವಿ. ಮಗಳಿಗೆ ಈಗ ಎರಡು ತಿಂಗಳು. ಮೊನ್ನೆ ಹೆಂಡತಿ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬಾಲ್ಕನಿಗೆ ಬಂದವಳು ಆ ಮೂಟೆಯನ್ನು ನೋಡಿದಳು, ನನ್ನನ್ನೂ ನೋಡಿದಳು. ಈ ಸಲ ಏನೂ ಕೇಳಲಿಲ್ಲ.